ಥಾಂಪ್ಸನ್ ಗನ್ ಕೊಳ್ಳಬೇಕು, ಡ್ರಮ್ ಕೂರುತ್ತಾ? (ಪ್ರಶ್ನೋತ್ತರ)

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾನು ಡಲ್ಲಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಎರಡನೇ ಮಹಾಯುದ್ಧದ ಸಾಮಾನು ಕೂಡಿಡುವ ಹುಚ್ಚು. ಒಕ್ಲಹೋಮಾದಲ್ಲಿ ಒಬ್ಬರು ಥಾಂಪ್ಸನ್ ಎಂ1ಎ1 ಸಬ್‌ಮಷಿನ್ ಗನ್ ಮಾರುತ್ತಿದ್ದಾರೆ. ಅವರು ಡೀಲರ್ ಅಲ್ಲ, ನಮ್ಮಂಥವರೇ. ‘ಟ್ರಾನ್ಸ್‌ಫರಬಲ್ (ಕಾನೂನು ಪ್ರಕಾರ ಬೇರೆಯವರ ಹೆಸರಿಗೆ ಮಾಡಬಹುದು), ನಂಬರ್ ಎಲ್ಲ ಮ್ಯಾಚ್’ ಅಂತಾರೆ. ಜೊತೆಗೆ 50 ಗುಂಡಿನ ಡ್ರಮ್ (ಗುಂಡು ತುಂಬುವ ದುಂಡನೆಯ ಡಬ್ಬಿ), ಥಾಂಪ್ಸನ್‌ನದ್ದೇ ಹಳೆಯ 1928 ಮಾಡೆಲ್‌ನ ಒಂದು ಸ್ಪೇರ್ ಬೋಲ್ಟ್ (ಗನ್ನಿನೊಳಗೆ ಹಿಂದೆ ಮುಂದೆ ಸರಿಯುವ ಭಾಗ) ಕೊಡುತ್ತಾರಂತೆ. ‘ಥಾಂಪ್ಸನ್ ಅಂದಮೇಲೆ ಎಲ್ಲಾ ಒಂದೇ, ಎಲ್ಲಾ ಕೂರುತ್ತೆ’ ಅನ್ನುತ್ತಾರೆ. ಇದು ನಿಜವಾ? ಏನೇನು ನೋಡಬೇಕು ಸರ್?

ಉತ್ತರ (ಗನ್‌ಸ್ಮಿತ್): ಕೂರುವುದಿಲ್ಲ. ಡ್ರಮ್ಮೂ ಇಲ್ಲ, ಬೋಲ್ಟೂ ಇಲ್ಲ. ಆ ವಿಷಯಕ್ಕೆ ಆಮೇಲೆ ಬರೋಣ, ಮೊದಲು ಕಾಗದ.

ನೀವು ದುಡ್ಡು ಕೊಡುವುದು ರಿಸೀವರ್‌ಗೆ (ಬೋಲ್ಟ್ ಕೂರುವ ಗನ್ನಿನ ಮುಖ್ಯ ಚೌಕಟ್ಟು) ಮತ್ತು ಅದರ ನೋಂದಣಿಗೆ. ಮಿಕ್ಕಿದ್ದೆಲ್ಲ ಬದಲಾಯಿಸಬಹುದಾದ ಬಿಡಿಭಾಗ. 1986ರ ಮೇ 19ಕ್ಕೆ ಮೊದಲು ನೋಂದಣಿಯಾದ ಮಷಿನ್ ಗನ್ ಮಾತ್ರ ಸಾಮಾನ್ಯ ಜನರ ಕೈಗೆ ಬರಬಹುದು. ಹೊಸದು ಸೇರುವ ಹಾಗಿಲ್ಲ, ಅದಕ್ಕೇ ರೇಟು ಆ ಪರಿ ಏರಿರುವುದು. ಮಾರುವವರ ಹತ್ತಿರ ಎಟಿಎಫ್ (ಬಂದೂಕು ನೋಂದಣಿ ನೋಡಿಕೊಳ್ಳುವ ಅಮೆರಿಕದ ಫೆಡರಲ್ ಇಲಾಖೆ) ಒಪ್ಪಿದ ಫಾರ್ಮ್‌ನ ಪ್ರತಿ ಕೇಳಿ. ಅದರಲ್ಲಿರುವ ನಂಬರ್, ಮಾಡೆಲ್, ತಯಾರಕರ ಹೆಸರು ಗನ್ ಮೇಲೆ ಕೊರೆದಿರುವುದಕ್ಕೆ ಅಕ್ಷರ ಅಕ್ಷರ ತಾಳೆಯಾಗಬೇಕು. ‘ಕಾಗದ ಎಲ್ಲೋ ಇದೆ, ಹುಡುಕಿ ಕೊಡ್ತೀನಿ’ ಅಂದರೆ ಸುಮ್ನೆ ಎದ್ದು ಬನ್ನಿ. ನೋಂದಣಿ ಇಲ್ಲದ ಮಷಿನ್ ಗನ್ ಇಟ್ಟುಕೊಂಡರೆ ಫೆಡರಲ್ ಕಾನೂನಿನಲ್ಲಿ 10 ವರ್ಷದವರೆಗೂ ಜೈಲು.

ಮಾರುವವರು ಬೇರೆ ರಾಜ್ಯದವರು, ಡೀಲರ್ ಕೂಡ ಅಲ್ಲ. ಹಾಗಾಗಿ ಗನ್ ಮೊದಲು ಟೆಕ್ಸಸ್‌ನ ಡೀಲರ್ ಹೆಸರಿಗೆ ಬರಬೇಕು, ಆಮೇಲೆ ನಿಮ್ಮ ಹೆಸರಿಗೆ. ಎರಡು ಫಾರ್ಮ್ 4 (ಹೆಸರು ವರ್ಗ ಮಾಡಿಸುವ ಅರ್ಜಿ), ಎರಡು ಸಲ 200 ಡಾಲರ್ ತೆರಿಗೆ. ಆದರೆ ಯುದ್ಧಕಾಲದ ಥಾಂಪ್ಸನ್ 50 ವರ್ಷ ದಾಟಿದೆ. ಹಳೆಯ ಆಯುಧ ಸಂಗ್ರಹಿಸುವವರಿಗೆ ಅಂತಲೇ ಟೈಪ್ 03 ಲೈಸೆನ್ಸ್ ಇದೆ, ಮೂರು ವರ್ಷಕ್ಕೆ 30 ಡಾಲರ್. ಅದಿದ್ದರೆ ಅವರಿಂದ ನೇರವಾಗಿ ನಿಮಗೇ ವರ್ಗ ಮಾಡಿಸಬಹುದು, ಒಂದು ತೆರಿಗೆ ಉಳಿಯುತ್ತದೆ. ಈ ತೆರಿಗೆ 1934ರಿಂದ ಹಾಗೇ ಇದೆ. ಆ ಕಾಲದಲ್ಲಿ ಗನ್ನಿನ ಬೆಲೆಯೇ ಸುಮಾರು 200 ಡಾಲರ್ ಇತ್ತು ಅಂದರೆ ಯೋಚನೆ ಮಾಡಿ! ಒಪ್ಪಿಗೆ ಬರುವ ತನಕ ಗನ್ ಮನೆಗೆ ತರುವ ಹಾಗಿಲ್ಲ.

ಇನ್ನು ಡ್ರಮ್. 1921, 1928 ಮಾಡೆಲ್‌ಗಳಲ್ಲಿ ಡ್ರಮ್ಮನ್ನು ಪಕ್ಕದಿಂದ ಒಳಗೆ ಸರಿಸುತ್ತಾರೆ. ಅದರ ಅಂಚು ಕೂರಲಿಕ್ಕೆ ರಿಸೀವರ್‌ನಲ್ಲಿ ಅಡ್ಡಕ್ಕೆ ಕಚ್ಚು ಕೊರೆದಿರುತ್ತದೆ. 1942ರಲ್ಲಿ ಎಂ1 ಮಾಡುವಾಗ ಖರ್ಚು, ಸಮಯ ಎರಡೂ ಉಳಿಸಬೇಕಿತ್ತು, ಆ ಕಚ್ಚನ್ನೇ ಕೈಬಿಟ್ಟರು. ಡ್ರಮ್ ಕೂರಿಸಲು ರಿಸೀವರ್ ಕೊರೆಸುತ್ತೇನೆ ಅಂತ ಮಾತ್ರ ಹೋಗಬೇಡಿ, ಐತಿಹಾಸಿಕ ಬೆಲೆ ಅಲ್ಲಿಗೆ ಮುಗಿಯಿತು. 20 ಮತ್ತು 30 ಗುಂಡಿನ ಉದ್ದ ಮ್ಯಾಗಜೀನ್ (ಗುಂಡು ತುಂಬುವ ಪೆಟ್ಟಿಗೆ) ಹಳೆ ಮಾಡೆಲ್, ಎಂ1 ಎರಡಕ್ಕೂ ಆಗುತ್ತದೆ.

ಬೋಲ್ಟ್ ಅಂತೂ ಬೇರೆ ಜಾತಿಯೇ. 1928ರದ್ದರಲ್ಲಿ ಬ್ಲಿಶ್ ಲಾಕ್ ಎಂಬ ಕಂಚಿನ ತುಂಡು ಇರುತ್ತದೆ, ಬೋಲ್ಟ್ ಎಳೆಯುವ ಹಿಡಿಕೆ ಮೇಲ್ಭಾಗದಲ್ಲಿ. ಎಂ1ನಲ್ಲಿ ಆ ತುಂಡೇ ಇಲ್ಲ, ಬೋಲ್ಟಿನ ಭಾರದಿಂದಲೇ ಕೆಲಸ ನಡೆಯುತ್ತದೆ, ಹಿಡಿಕೆ ಬಲಗಡೆಗಿದೆ. ಹಿಂದಿನ ಮರದ ದಸ್ತೆಯೂ ಅಷ್ಟೆ: 1928ರದ್ದು ಬಿಚ್ಚಿ ತೆಗೆಯುವಂಥದ್ದು, ಎಂ1ರದ್ದು ಸ್ಕ್ರೂ ಹಾಕಿ ಬಿಗಿದದ್ದು. ಎಂ1 ಮತ್ತು ಎಂ1ಎ1 ನಡುವೆ ಮಾತ್ರ ಬೋಲ್ಟ್ ಹೊಂದುತ್ತದೆ. ಎಂ1ರಲ್ಲಿ ಫೈರಿಂಗ್ ಪಿನ್ (ಗುಂಡಿಗೆ ಹೊಡೆಯುವ ಮೊಳೆ) ಬಿಡಿಯಾಗಿತ್ತು, ಎಂ1ಎ1ರಲ್ಲಿ ಬೋಲ್ಟಿನ ಮುಖದಲ್ಲೇ ಕಡೆದಿದೆ. ಸೈನ್ಯ ಎಷ್ಟೋ ಎಂ1ಗಳಿಗೆ ಹೊಸ ಬೋಲ್ಟ್ ಹಾಕಿ, ಹೆಸರಿನ ಮುಂದೆ ಎ1 ಅಂತ ಒತ್ತಿಬಿಟ್ಟಿದೆ. ಆ ‘ಎ1’ ಸೊಟ್ಟಗಿದ್ದರೆ ಗಾಬರಿ ಬೇಡ, ಅದೂ ಅಸಲಿಯೇ.

ಸದಸ್ಯೆ: ನಂಬರ್ ಮ್ಯಾಚ್ ಅಂದರೆ ಏನು ಸರ್? ಬೋಲ್ಟಿಗೂ ನಂಬರ್ ಇರುತ್ತಾ?

ಉತ್ತರ: ಥಾಂಪ್ಸನ್‌ನಲ್ಲಿ ಆ ಮಾತು ಮುಖ್ಯವಾಗಿ ರಿಸೀವರ್ ಮತ್ತು ಕೆಳಗಿನ ಟ್ರಿಗರ್ ಫ್ರೇಮ್ ಬಗ್ಗೆ ಮೇಡಂ. ಸೈನ್ಯದ ವರ್ಕ್‌ಶಾಪ್‌ನಲ್ಲಿ ಹತ್ತಾರು ಗನ್ ಒಟ್ಟಿಗೆ ಬಿಚ್ಚಿ ರಿಪೇರಿ ಮಾಡುತ್ತಿದ್ದರು. ಯಾವ ಫ್ರೇಮ್ ಯಾವುದಕ್ಕೆ ಅಂತ ಯಾರು ನೋಡುತ್ತಾರೆ? ಹಾಗಾಗಿ ಮ್ಯಾಚ್ ಆಗದಿದ್ದರೆ ದೋಷವಲ್ಲ, ರೇಟು ಕಡಿಮೆ ಆಗಬೇಕು ಅಷ್ಟೆ. ಕಾನೂನಿಗೆ ಬೇಕಾದದ್ದು ರಿಸೀವರ್ ನಂಬರ್.

ನನಗೆ ಅದಕ್ಕಿಂತ ಜಾಸ್ತಿ ಚಿಂತೆ ವೆಲ್ಡಿಂಗ್ ಬಗ್ಗೆ. ಒಮ್ಮೆ ಕತ್ತರಿಸಿ ಮತ್ತೆ ಬೆಸೆದ ರಿಸೀವರ್‌ಗಳು ಮಾರುಕಟ್ಟೆಯಲ್ಲಿವೆ. ಬೋಲ್ಟ್ ತೆಗೆಸಿ, ಸಣ್ಣ ಟಾರ್ಚ್ ಬಿಟ್ಟು ಒಳಗೋಡೆ ನೋಡಿ. ಹೊರಗೆ ಎಷ್ಟೇ ಉಜ್ಜಿ ಬಣ್ಣ ಕೂರಿಸಿದ್ದರೂ ಒಳಗೆ ಬೆಸುಗೆಯ ಗೆರೆ ಕಾಣುತ್ತದೆ, ಇಲ್ಲವೇ ಲೋಹದ ಬಣ್ಣ ಒಂದು ಪಟ್ಟಿಯಷ್ಟು ಬೇರೆ ಇರುತ್ತದೆ. ಹಾಗಿದ್ದರೆ ಹಳೆಯ ಆಯುಧ ಎಂಬ ಅರ್ಹತೆಯೂ ಹೋಗುತ್ತದೆ, ಟೈಪ್ 03 ಲೆಕ್ಕಾಚಾರವೂ ತಲೆಕೆಳಗು.

ಗನ್ ಮೇಲೆ ಕೊರೆದಿರುವ ತಯಾರಕರ ವಿಳಾಸವನ್ನೂ ಓದಿ. ಬ್ರಿಡ್ಜ್‌ಪೋರ್ಟ್ ಅಂತಿದ್ದರೆ ಯುದ್ಧಕಾಲದ್ದು. ವೆಸ್ಟ್ ಹರ್ಲಿ, ನ್ಯೂಯಾರ್ಕ್ ಅಂತಿದ್ದರೆ 1986ಕ್ಕೆ ಹಿಂದಿನ ವರ್ಷಗಳಲ್ಲಿ ಮಾಡಿದ ಮರುತಯಾರಿ. ಅದು ಕೆಟ್ಟದ್ದಲ್ಲ, ಆದರೆ ಬೆಲೆ ಬೇರೆ. ಯುದ್ಧಕಾಲದ ಬಿಡಿಭಾಗ ಅದರಲ್ಲಿ ಹಾಗೇ ಕೂತುಬಿಡುತ್ತದೆ ಎಂದು ನಂಬಬೇಡಿ.

ಸದಸ್ಯ: ಸರ್, ನಾನು ಎಚ್1ಬಿ ವೀಸಾದಲ್ಲಿದ್ದೇನೆ. ನನಗೂ ಆಗುತ್ತಾ?

ಉತ್ತರ: ಬೇಡ ತಮ್ಮಾ. ಆ ವೀಸಾದವರು ಯಾವ ಬಂದೂಕನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಇವೆ. ಅದನ್ನು ನೆಚ್ಚಿಕೊಂಡು ಮಷಿನ್ ಗನ್ನಿಗೆ ಕೈ ಹಾಕುವ ಮುಂಚೆ ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದರೂ ರಾಜ್ಯ ಒಪ್ಪಬೇಕು. ಟೆಕ್ಸಸ್‌ನಲ್ಲಿ ಆಗುತ್ತದೆ, ಇಲಿನಾಯ್ಸ್‌ನಲ್ಲಿ ಇಲ್ಲ.

ಸದಸ್ಯ (ಮಡಿಕೇರಿ): ನಮ್ಮ ಕಡೆ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ಇಂಥದ್ದು ಇಡಬಹುದಾ?

ಉತ್ತರ: ಇಲ್ಲ ಅಣ್ಣ. ನಿಮ್ಮ ವಿನಾಯಿತಿ ಕೋವಿಗೆ. 1959ರ ಆಯುಧ ಕಾಯ್ದೆಯಲ್ಲಿ ಟ್ರಿಗರ್ ಹಿಡಿದಿರುವಷ್ಟು ಹೊತ್ತೂ ಹಾರುವ ಆಯುಧ ನಿಷೇಧಿತ ಪಟ್ಟಿಯಲ್ಲಿದೆ. ನಮ್ಮ ಪೊಲೀಸರ ಹೆಗಲಲ್ಲಿ ನೋಡುತ್ತಿದ್ದೆವಲ್ಲ, ಆ ಕಾರ್ಬೈನ್ ಬ್ರಿಟಿಷ್ ಸ್ಟರ್ಲಿಂಗ್ ಸಬ್‌ಮಷಿನ್ ಗನ್ನಿನದ್ದೇ ವಿನ್ಯಾಸ, ಕಾನ್ಪುರದಲ್ಲಿ ತಯಾರಾಗಿದ್ದು. ಅದನ್ನು ದೂರದಿಂದ ನೋಡುವುದಷ್ಟೇ ನಮ್ಮ ಪಾಲಿಗೆ!

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಡ್ರಮ್, ಬೋಲ್ಟ್ ಬೇಡ ಅಂದೆ, ಅವರು ರೇಟು ಇಳಿಸಲ್ಲ ಅಂತಾರೆ. ಬಿಟ್ಟುಬಿಡಲಾ?

ಉತ್ತರ: ಗನ್ ಸರಿಯಿದ್ದರೆ ಅಷ್ಟಕ್ಕೆ ಬಿಡಬೇಡಿ. ಯುದ್ಧಕಾಲದ ಅಸಲಿ ಡ್ರಮ್ ಆಗಿದ್ದರೆ 1928 ಇರುವವರು ಒಳ್ಳೆ ದುಡ್ಡು ಕೊಟ್ಟು ಒಯ್ಯುತ್ತಾರೆ. ಅದನ್ನು ನೀವೇ ಮಾರಿ, ಆ ದುಡ್ಡಲ್ಲಿ 30 ಗುಂಡಿನ ಮ್ಯಾಗಜೀನ್ ತಗೊಳ್ಳಿ. ರಿಸೀವರ್ ಒಳಗಡೆಯ ಫೋಟೋ ಮಾತ್ರ ಮೊದಲು ತರಿಸಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ನಂಬರ್ ಕಾಣದ ಹಾಗೆ ಮುಚ್ಚಿ ಹಾಕಿ.