ಹಳದಿ ರಾಸ್ ಮೀನು ಮೂರು ದಿನದಿಂದ ಹೊಯ್ಗೆಯೊಳಗೆ, ಫಾಕ್ಸ್‌ಫೇಸ್ ಮೀನಿಗೆ ರಾತ್ರಿ ಕಂದು ಮಚ್ಚೆ: ನಿದ್ದೆಯಾ, ರೋಗವಾ?

ಕುಂಬಳೆ_ಉಪ್ಪುನೀರು:
ಉಪ್ಪುನೀರಿನ ಮೀನಿನ ಟ್ಯಾಂಕು, 4 ಅಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ, ಸುಮಾರು 250 ಲೀಟರ್. ಸಾಂದ್ರತೆ 1.025, ಉಷ್ಣತೆ 27, ಅಮೋನಿಯ ಸೊನ್ನೆ. ಲೈಟು ಬೆಳಿಗ್ಗೆ 11ರಿಂದ ರಾತ್ರಿ 9ರವರೆಗೆ. ಅಡಿಯಲ್ಲಿ 3 ಸೆಂಟಿಮೀಟರ್ ಹೊಯ್ಗೆ, ಅರ್ಧದಷ್ಟು ಹವಳದ ದಪ್ಪ ಪುಡಿ.

ಹಳದಿ ಕೋರಿಸ್ ರಾಸ್ ಭಾನುವಾರ ಬಂತು, ಅದೇ ಸಂಜೆ ಹೊಯ್ಗೆಗೆ ಇಳಿಯಿತು, ಆಮೇಲೆ ಪತ್ತೆ ಇಲ್ಲ. ಲೈಟು ಆರಿದ ಹತ್ತೇ ನಿಮಿಷಕ್ಕೆ ಫಾಕ್ಸ್‌ಫೇಸ್ ಮೈಯೆಲ್ಲ ಕಂದು ಮಚ್ಚೆ. ಸಿಕ್ಸ್‌ಲೈನ್ ರಾಸ್ ಕಲ್ಲಿನ ಸಂದಿಯಲ್ಲಿ ಪಾರದರ್ಶಕ ಚೀಲದೊಳಗೆ ಕೂತಿದೆ. ಕ್ಲೌನ್ ಮೀನಿನ ಜೋಡಿಯಲ್ಲಿ ಒಂದು, ನೀರು ಬೀಳುವ ಪೈಪಿನ ಹತ್ತಿರ ಮೂಲೆಯಲ್ಲಿ ಓರೆಯಾಗಿ ತೇಲುತ್ತದೆ. ಹೊಯ್ಗೆ ಅಗೆದು ನೋಡಬೇಕಾ? ಯಾವುದಕ್ಕೆ ಮದ್ದು ಹಾಕಬೇಕು?

ನೀಲೇಶ್ವರ_ರೀಫ್:
ಅಗೆಯಬೇಡಿ ಮಾರಾಯ್ರೆ, ಮದ್ದೂ ಸದ್ಯಕ್ಕೆ ಬೇಡ. ಹಳದಿ ಕೋರಿಸ್ ಪ್ರತಿ ರಾತ್ರಿ ಹೊಯ್ಗೆಯಲ್ಲೇ ಮಲಗುವ ಜಾತಿ. ಹೊಸದಾಗಿ ಬಂದದ್ದು 3ರಿಂದ 7 ದಿನ ಹೊರಗೆ ಬಾರದೆ ಇರುವುದು ಸಾಮಾನ್ಯ. ಅಗೆದರೆ ಬೆದರಿ ಗಾಜಿಗೆ ಬಡಿಯುತ್ತದೆ, ಇಲ್ಲವೇ ಹಾರಿ ನೆಲಕ್ಕೆ ಬೀಳುತ್ತದೆ.

ನಿಮ್ಮಲ್ಲಿ ಇನ್ನೊಂದು ತೊಡಕು ಉಂಟು: ಗಡಿಯಾರ. ಈ ಮೀನು ಇಂಡೊನೇಷ್ಯಾದಿಂದ ಬಂದದ್ದಾದರೆ, ಬಾಲಿಯ ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಗಿನ 6 ಎಂದರೆ ಇಲ್ಲಿ 3.30, ಅಲ್ಲಿ ಸಂಜೆ 6 ಆಗುವಾಗ ಇಲ್ಲಿ ಮಧ್ಯಾಹ್ನ 3.30. ನಿಮ್ಮ ಲೈಟು ಹತ್ತುವುದೇ 11ಕ್ಕೆ. ಅದು ಎದ್ದು ತಿರುಗುವಾಗ ಟ್ಯಾಂಕು ಕತ್ತಲು, ನೀವು ಸಂಜೆ ಹುಡುಕುವಾಗ ಅದು ಮಲಗಿ ಆಗಿದೆ. ಒಂದು ವಾರ ಲೈಟನ್ನು ಬೆಳಿಗ್ಗೆ 7ರಿಂದ ಸಂಜೆ 5ಕ್ಕೆ ಇಡಿ, 9 ಗಂಟೆಗೆ ಸ್ವಲ್ಪ ಮೈಸಿಸ್ (ಮೀನಿಗೆ ಹಾಕುವ ಸಣ್ಣ ಸಿಗಡಿಯಂಥ ಆಹಾರ) ಹಾಕಿ. ಹೊರಬಂದು ತಿನ್ನಲು ಶುರುಮಾಡಿದ ಮೇಲೆ ದಿನಕ್ಕೆ 15 ನಿಮಿಷದಂತೆ ತಡಮಾಡುತ್ತಾ ನಿಮ್ಮ ಹಳೆಯ ಸಮಯಕ್ಕೆ ತನ್ನಿ.

ಸತ್ತಿರಬಹುದೆಂಬ ಹೆದರಿಕೆ ಇದ್ದರೆ ಅಮೋನಿಯ ದಿನಾ ನೋಡಿ, ಸತ್ತ ಮೀನು ಕೊಳೆತರೆ ಅದು ಏರುತ್ತದೆ. ಸತ್ತದ್ದನ್ನು ತಿನ್ನುವ ನಸ್ಸಾರಿಯಸ್ ಬಸವನಹುಳು, ಸನ್ಯಾಸಿ ಏಡಿ ಎಲ್ಲ ಹೊಯ್ಗೆಯ ಒಂದೇ ಜಾಗದಲ್ಲಿ ಗುಂಪುಗೂಡಿದರೆ ಮಾತ್ರ ಅಲ್ಲಿ ಕೆದಕಿ.

ಸಿಕ್ಸ್‌ಲೈನ್‌ನ ಚೀಲ ಅದರ ಹಾಸಿಗೆ. ಲೋಳೆಯಿಂದ ತನ್ನ ಸುತ್ತ ತಾನೇ ಕಟ್ಟಿಕೊಳ್ಳುತ್ತದೆ. ಹಲವು ಗಿಳಿಮೀನುಗಳಲ್ಲೂ ಇದೇ ಪದ್ಧತಿ. ಆಸ್ಟ್ರೇಲಿಯಾದ ಹವಳ ದಿಬ್ಬದಲ್ಲಿ ಗಿಳಿಮೀನಿನ ಚೀಲ ತೆಗೆದು ಪರೀಕ್ಷಿಸಿದಾಗ, ರಾತ್ರಿ ರಕ್ತ ಹೀರುವ ನ್ಯಾಥಿಡ್ ಹುಳಗಳು ಅವಕ್ಕೆ ಹೆಚ್ಚು ಮುತ್ತಿದವು. ಸೊಳ್ಳೆಪರದೆ ಇದ್ದ ಹಾಗೆ. ಬೆಳಿಗ್ಗೆ ಹರಿದ ಚೂರು ತೇಲುವುದು ಕಂಡರೆ ಗಾಬರಿ ಬೇಡ, ನೀರಿನ ಕಸ ತೆಗೆಯುವ ಸ್ಕಿಮ್ಮರ್ ಎಳೆದುಕೊಳ್ಳುತ್ತದೆ.

ಫಾಕ್ಸ್‌ಫೇಸ್‌ನ ಮಚ್ಚೆ ರಾತ್ರಿಯ ಬಣ್ಣ. ಲೈಟು ಹತ್ತಿದ ಸ್ವಲ್ಪ ಹೊತ್ತಿನಲ್ಲಿ ಹಳದಿಗೆ ಮರಳಬೇಕು. ಹಗಲಿಡೀ ಮಚ್ಚೆ ಉಳಿದರೆ ಯಾವುದೋ ಮೀನು ಓಡಿಸುತ್ತಿದೆ ಎಂದೇ ನೋಡಬೇಕು. ಮಲಗಿದಾಗ ಕೈ ಹಾಕಬೇಡಿ, ಬೆನ್ನಿನ ಮುಳ್ಳಿನಲ್ಲಿ ವಿಷ ಉಂಟು. ಚುಚ್ಚಿದರೆ ಸುಡದಷ್ಟು ಬಿಸಿನೀರಿನಲ್ಲಿ (45 ಡಿಗ್ರಿ ದಾಟದಂತೆ) ಅರ್ಧ ಗಂಟೆಯಾದರೂ ಕೈ ಮುಳುಗಿಸಿಡಿ, ಬಾವು ಏರಿದರೆ ಡಾಕ್ಟರರ ಹತ್ತಿರ ಹೋಗಿ.

ಪಯಸ್ವಿನಿ_ದಡ:
ಕ್ಲೌನ್ ವಿಷಯ ಮಾತ್ರ ಅಷ್ಟು ಹಗುರವಾಗಿ ಬಿಡಬೇಡಿ. ಹೂವಿನಂಥ ಅನಿಮೋನ್ ಇಲ್ಲದ ಟ್ಯಾಂಕಿನಲ್ಲಿ ಕ್ಲೌನ್ ಮೂಲೆ ಹಿಡಿದು ಓರೆಯಾಗಿ ಮಲಗುವುದು ಸಹಜ, ಸರಿ. ಆದರೆ ವೆಲ್ವೆಟ್ ಎಂಬ ಪರಾವಲಂಬಿ ರೋಗ ತಗಲಿದ ಮೀನೂ ನೀರಿನ ಸೆಳೆತಕ್ಕೆ ಎದುರಾಗಿ ನಿಲ್ಲುತ್ತದೆ. ವ್ಯತ್ಯಾಸ ತಿಳಿಯುವುದು ಉಸಿರಿನಲ್ಲಿ. ಲೈಟು ಆರಿ ಒಂದು ಗಂಟೆಯ ನಂತರ ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಕಟ್ಟಿ, ಕಿವಿರಿನ ಮುಚ್ಚಳ 15 ಸೆಕೆಂಡಿನಲ್ಲಿ ಎಷ್ಟು ಸಲ ತೆರೆಯುತ್ತದೆಂದು ಎಣಿಸಿ, ಅದನ್ನು 4ರಿಂದ ಗುಣಿಸಿ. ಹಗಲಿನ ಎಣಿಕೆಗಿಂತ ಕಡಿಮೆ ಇದ್ದರೆ ನಿದ್ದೆ. ಹೆಚ್ಚು ಇದ್ದರೆ ಆಮ್ಲಜನಕ ಸಾಲದು, ಇಲ್ಲವೇ ಕಿವಿರಿಗೆ ಪರಾವಲಂಬಿ ಹತ್ತಿದೆ. ರಾಸ್‌ನ ಸುತ್ತ ಲೋಳೆ ಒಳ್ಳೆಯದು, ಕ್ಲೌನ್ ಮೈಮೇಲೆ ಬಿಳಿ ಲೋಳೆ ಸುಲಿದು ಬಂದರೆ ಅದು ಬ್ರೂಕ್ಲಿನೆಲ್ಲ ಎಂಬ ಪರಾವಲಂಬಿ ರೋಗ. ಅಂದೇ ಬೇರೆ ಟ್ಯಾಂಕಿಗೆ ಹಾಕಬೇಕು, ಒಂದೆರಡು ದಿನದಲ್ಲೇ ಸಾಯುವಷ್ಟು ವೇಗದ ರೋಗ.

ರಾತ್ರಿ ಪಾಚಿ, ಹವಳ, ಮೀನು ಎಲ್ಲವೂ ಆಮ್ಲಜನಕ ಖರ್ಚು ಮಾಡುತ್ತವೆ, ಬೆಳಗಿನ ಜಾವ ಅದು ಅತಿ ಕಡಿಮೆ. ಮಳೆಗಾಲದ ಆಟಿ ತಿಂಗಳಲ್ಲಿ ರಾತ್ರಿ ಕರೆಂಟು ಹೋದರೆ ಪೆಟ್ಟು ಬೀಳುವುದು ಆಗಲೇ. ಕರೆಂಟು ಹೋದಾಗ ತಾನೇ ಚಾಲೂ ಆಗುವ ಬ್ಯಾಟರಿ ಏರ್ ಪಂಪ್ ಒಂದು ಇರಲಿ, ಏರ್‌ಸ್ಟೋನ್ ಮುಖ್ಯ ಟ್ಯಾಂಕಿನಲ್ಲೇ ಇರಬೇಕು. ಕೆಳಗಿನ ಸಂಪಿನಲ್ಲಿ (ಫಿಲ್ಟರ್ ಇರುವ ತೊಟ್ಟಿಯಲ್ಲಿ) ಇಟ್ಟರೆ ಉಪಯೋಗವಿಲ್ಲ, ಪಂಪು ನಿಂತ ಮೇಲೆ ಆ ನೀರು ಮೇಲೆ ಬರುವುದಿಲ್ಲ.

ಕುಂಬಳೆ_ಉಪ್ಪುನೀರು:
ಕ್ಲೌನ್ ಎಣಿಕೆ: ಹಗಲು 15 ಸೆಕೆಂಡಿಗೆ 22, ರಾತ್ರಿ 17. ರಾಸ್ ಇವತ್ತು ಬೆಳಿಗ್ಗೆ 7.40ಕ್ಕೆ ತಲೆ ಹೊರಗೆ ಹಾಕಿತು! ಹೊಯ್ಗೆ ಹೆಚ್ಚಿಸಲು ಬೇಕಲದ ಕಡಲ ಹೊಯ್ಗೆ ತೊಳೆದು ಹಾಕಬಹುದಾ? ರಾತ್ರಿಯಿಡೀ ನೀಲಿ ಮೂನ್‌ಲೈಟ್ ಇಟ್ಟರೆ ಹೇಗೆ?

ನೀಲೇಶ್ವರ_ರೀಫ್:
17 ಅಂದರೆ ಚೆನ್ನಾಗಿ ಮಲಗಿದೆ. ಕಡಲ ಹೊಯ್ಗೆ ಬೇಡ. ನಮ್ಮ ಕಡಲಕರೆಯ ಹೊಯ್ಗೆಯಲ್ಲಿ ಸಿಲಿಕದ ಹರಳು ಹೆಚ್ಚು, ಜತೆಗೆ ಎಣ್ಣೆ, ಕೊಳಚೆ ಏನೇನು ಸೇರಿದೆಯೋ ತೊಳೆದು ತಿಳಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಅರಗೊನೈಟ್ (ಸುಣ್ಣದ ಖನಿಜ) ಹೊಯ್ಗೆ ಹಾಕಿ, ಕಾಳು 0.5ರಿಂದ 1 ಮಿಲಿಮೀಟರ್, ಆಳ 5ರಿಂದ 7 ಸೆಂಟಿಮೀಟರ್. ನಿಮ್ಮ ದಪ್ಪ ಹವಳದ ಪುಡಿ ಮೂತಿ, ಹೊಟ್ಟೆ ಗೀರಿ ಗಾಯ ಮಾಡುತ್ತದೆ, ಆ ಗಾಯದಲ್ಲೇ ಸೋಂಕು. ಎಲ್ಲ ಒಟ್ಟಿಗೆ ಬದಲಿಸಿದರೆ ಬ್ಯಾಕ್ಟೀರಿಯ ಹೋಗಿ ಅಮೋನಿಯ ಏರೀತು. ಈಗ 30 × 20 ಸೆಂಟಿಮೀಟರಿನ ಪ್ಲಾಸ್ಟಿಕ್ ಡಬ್ಬದಲ್ಲಿ 7 ಸೆಂಟಿಮೀಟರ್ ನಯ ಹೊಯ್ಗೆ ತುಂಬಿ ಅದು ಮಲಗುವ ಮೂಲೆಯಲ್ಲಿ ಇಡಿ, ಹೆಚ್ಚಾಗಿ ಅಲ್ಲಿಗೇ ಹೋಗಲು ಶುರುಮಾಡುತ್ತದೆ. ಉಳಿದದ್ದನ್ನು ವಾರಕ್ಕೆ ಕಾಲು ಭಾಗದಂತೆ, ಹಗಲು ಮೀನು ಹೊರಗೆ ಈಜುವಾಗ ಮಾತ್ರ ಬದಲಿಸಿ.

ಮೂನ್‌ಲೈಟ್ ರಾತ್ರಿಯಿಡೀ ಬೇಡ, ಮೀನಿಗೆ ಕಣ್ಣೆವೆ ಇಲ್ಲ. ಲೈಟು ಆರುವ ಮೊದಲು 30 ನಿಮಿಷ ಮಂದವಾಗಿಸಿ, ಬೆಳಿಗ್ಗೆ ಕೋಣೆಯ ಬೆಳಕು ಬಂದ ಮೇಲೆ ಟ್ಯಾಂಕಿನದ್ದು ಹತ್ತಿಸಿ. ಮತ್ತೆ, ಮುಚ್ಚಳಕ್ಕೆ 6 ಮಿಲಿಮೀಟರ್ ಬಲೆ ಇವತ್ತೇ ಹಾಕಿ. ಪೈಪು ಹೋಗುವ ಮೂಲೆಯ ತೂತನ್ನೂ ಮುಚ್ಚಿ, ರಾಸ್ ಹಾರುವುದು ಹೆಚ್ಚಾಗಿ ಆ ಸಂದಿಯಿಂದಲೇ.