ಪದಚರ್ಚೆ: 'ಕ್ಲಿನಿಕಲ್ ಸೈಕಾಲಜಿಸ್ಟ್' ಬಾಗಿಲ ಮೇಲೆ ಏನು ಬರೆಸಬೇಕು? (ತುರ್ತು)

ಬಳ್ಳಾರಿಯಿಂದ:
ನಾಳೆ ಬೆಳಿಗ್ಗೆ ಪೇಂಟರ್ ಬರ್ತಾರೆ. ಸೈಕಿಯಾಟ್ರಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ಕೌನ್ಸೆಲರ್, ಮೂರು ಕೋಣೆಗೂ ಈಗ 'ಮನೋತಜ್ಞರು' ಅಂತಲೇ ಇದೆ. ಮೊನ್ನೆ ಸಂಡೂರು ಕಡೆಯ ಅಜ್ಜಿಯೊಬ್ಬರು ಖಾಲಿ ಗುಳಿಗೆ ಪಟ್ಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎರಡನೇ ಕೋಣೆ ಮುಂದೆ ಮಧ್ಯಾಹ್ನದ ತನಕ ಕೂತರು. 'ಇಲ್ಲಿ ಗುಳಿಗಿ ಬರಿಯಂಗಿಲ್ಲಮ್ಮ' ಅನ್ನೋ ಹೊತ್ತಿಗೆ ಪಕ್ಕದ ಸೈಕಿಯಾಟ್ರಿಸ್ಟರ ಓಪಿಡಿ ಮುಚ್ಚಿತ್ತು. 'ಚಿಕಿತ್ಸಾ ಮನಶಾಸ್ತ್ರಜ್ಞ' ನಡೆಯುತ್ತಾ?

ಕೊಪ್ಪಳದಿಂದ:
'ಮನಶಾಸ್ತ್ರ' ತಪ್ಪು. ಮನಃಶಾಸ್ತ್ರ, ಇಲ್ಲವೇ ಮನಶ್ಶಾಸ್ತ್ರ. 'ಚಿಕಿತ್ಸಾ' ಸರಿ: ಸಂಸ್ಕೃತದ ಕಿತ್ ಧಾತುವಿಗೆ ಸನ್ ಪ್ರತ್ಯಯ, ಜುಗುಪ್ಸೆ, ತಿತಿಕ್ಷೆಗಳ ಸಾಲಿನದು. 'ಕ್ಲಿನಿಕಲ್' ಹುಟ್ಟಿದ್ದು ಹಾಸಿಗೆ ಅನ್ನುವ ಗ್ರೀಕ್ ಪದದಿಂದ. ನಮ್ಮ ಪದವೇ ಅರ್ಥಕ್ಕೆ ಹತ್ತಿರ.

ರಾಯಚೂರಿನಿಂದ:
ಸಂಸ್ಕೃತ ಸಾಕು. ಮನಸ್ಸಿಗೆ ನಮ್ಮದೇ 'ಬಗೆ' ಇದೆ, ಹಳಗನ್ನಡ ತೆಗೆದು ನೋಡಿ. 'ಬಗೆಯರಿಗರು' ಬರೆಸಿ, ಅಂದರೆ ಮನಸ್ಸು ಅರಿತವರು.

ಕೊಪ್ಪಳದಿಂದ:
ಆಗದು. ಇವತ್ತು ಬಗೆ ಅಂದರೆ ರೀತಿ, ಪ್ರಕಾರ. ಅಷ್ಟೇ.

ಹೊಸಪೇಟೆಯಿಂದ:
ಇಬ್ಬರೂ ಅಜ್ಜಿಯನ್ನು ಮರೆತಿರಿ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ವಿಭಾಗ ಶುರುವಾದಾಗಿನಿಂದ ಓದುವ ವಿಷಯ ಒಂದೇ, ಮನಃಶಾಸ್ತ್ರ. ಕಸುಬು ಮಾತ್ರ ಒಂದಲ್ಲ. ಕ್ಲಿನಿಕಲ್‌ನವರ ನೋಂದಣಿ 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆಯಡಿ. ಅವರನ್ನು ಬಿಟ್ಟು ಉಳಿದ ಸೈಕಾಲಜಿಸ್ಟರು 2021ರ ಸಹವರ್ತಿ ಮತ್ತು ಆರೋಗ್ಯ ಸೇವಾ ವೃತ್ತಿಗಳ ಕಾಯ್ದೆಗೆ ಬರುತ್ತಾರೆ. ಕಾಲೇಜಿನಲ್ಲಿ ಪಾಠ ಮಾಡುವವರೂ ಮನಃಶಾಸ್ತ್ರಜ್ಞರೇ. ಹಾಗಾಗಿ ಎರಡನೇ ಕೋಣೆಗೆ 'ಚಿಕಿತ್ಸಾ' ಅನ್ನೋ ವಿಶೇಷಣ ಬಿಡುವ ಹಾಗಿಲ್ಲ, 'ಚಿಕಿತ್ಸಾ ಮನಶ್ಶಾಸ್ತ್ರಜ್ಞರು'. ಸೈಕಿಯಾಟ್ರಿಸ್ಟ್ ಎಂಬಿಬಿಎಸ್ ಮುಗಿಸಿ ಬಂದವರು, 'ಮನೋವೈದ್ಯರು'. ಕೌನ್ಸೆಲರ್‌ಗೆ 'ಆಪ್ತಸಮಾಲೋಚಕರು' ಆಗಲೇ ಜನರ ಬಾಯಲ್ಲಿದೆ. 1985ರಲ್ಲಿ ನಿಮ್ಹಾನ್ಸ್‌ನವರು ಮಾನಸಿಕ ಆರೋಗ್ಯವನ್ನು ಪ್ರಾಥಮಿಕ ಕೇಂದ್ರಗಳಿಗೆ ಒಯ್ದು ನೋಡಿದ್ದು ನಮ್ಮ ಆಗಿನ ಬಳ್ಳಾರಿ ಜಿಲ್ಲೆಯಲ್ಲೇ; 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಅಂಥ ಊರಲ್ಲಿ ಬೋರ್ಡು ನೋಡಿ ಜನ ದಾರಿ ತಪ್ಪಬಾರದು.

ರಾಯಚೂರಿನಿಂದ:
ಮೂರೂ ಸಂಸ್ಕೃತ! ಅಜ್ಜಿಗೆ ಯಾವುದು ತಿಳಿದೀತು?

ಹೊಸಪೇಟೆಯಿಂದ:
ನಿಮ್ಮೂರಲ್ಲಿ ಆಸ್ಪತ್ರೆಗೆ ದವಾಖಾನಿ ಅಂತೀರಿ. ಅದು ಯಾವ ಹಳಗನ್ನಡ?

ರಾಯಚೂರಿನಿಂದ:
ದವಾಖಾನಿ ಬಾಯಲ್ಲಿ ನುರಿದು ಕನ್ನಡ ಆಗಿದೆ. 'ಚಿಕಿತ್ಸಾ ಮನಶ್ಶಾಸ್ತ್ರಜ್ಞ' ಯಾರ ಬಾಯಲ್ಲೂ ನುರಿಯುವುದಿಲ್ಲ. ನನ್ನ ತಕರಾರು ಅದೇ.

ಬಳ್ಳಾರಿಯಿಂದ:
ಹೊಸಪೇಟೆಯವರ ಮೂರನ್ನೂ ತಗೊಂಡೆ. ರಾಯಚೂರಿನವರ ಮಾತಿಗೆ ಕೆಳಗೊಂದು ಸಾಲು ಸೇರಿಸುತ್ತೇನೆ: ಒಂದನೇ ಕೋಣೆಗೆ 'ಗುಳಿಗೆ ಬರೆದುಕೊಡುವವರು', ಎರಡನೇದಕ್ಕೆ 'ಮಾತು, ಮನಸ್ಸಿನ ಪರೀಕ್ಷೆ, ಗುಳಿಗೆ ಇಲ್ಲ'. 'ಶ್ಶಾ' ಒತ್ತು ಹಲಗೆಯ ಅಳತೆಗೆ ಕೂರದಿದ್ದರೆ ವಿಸರ್ಗ ಹಾಕಿಸುತ್ತೇನೆ.