ಬೆಟ್ಟದ ಏರಿನಲ್ಲಿ ಮಿಸ್ಸಿಂಗ್: ನಾಲ್ಕೂ ಪ್ಲಗ್ ಬದಲಿಸಿದರೂ ಗುಣ ಕಾಣುತ್ತಿಲ್ಲ

ಮಂಡ್ಯದ ಹಳೆಗಾಡಿ:
ಹದಿನೈದು ದಿನಗಳಿಂದ ನನ್ನ ಕಾರು ಮಿಸ್ಸಿಂಗ್ ಹೊಡೆಯುತ್ತಿದೆ, ಎಂಜಿನ್ನಿನ ಉರಿ ನಡುನಡುವೆ ತಪ್ಪುತ್ತಿದೆ. ಸಮತಟ್ಟಾದ ರಸ್ತೆಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಚಾಮುಂಡಿ ಬೆಟ್ಟದ ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ, ಹಿಂದಿನಿಂದ ಯಾರೋ ಹಿಡಿದೆಳೆದಂತೆ ಮುಗ್ಗರಿಸುತ್ತದೆ. ಪ್ಲಗ್ಗುಗಳಿಗೆ ದಂಡ ತೆತ್ತದ್ದಾಯಿತು. ಇನ್ನೇನು ಬದಲಿಸಬೇಕು?

ಒಂಟಿಕೊಪ್ಪಲು ಸವಾರ:
ಇದು ಪೆಟ್ರೋಲಿನದೇ ದೋಷ. ಎಥೆನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ. ಟ್ಯಾಂಕ್ ಇಳಿಸಿ ತೊಳೆಸಿ.

ಬನ್ನಿಮಂಟಪದ ಸ್ಪ್ಯಾನರ್:
ಟ್ಯಾಂಕಿಗೆ ಕೈಹಾಕುವ ಮೊದಲು ಹೇಳಿ: ಚೆಕ್ ಎಂಜಿನ್ ದೀಪ ಒಂದೇ ಸಮನೆ ಉರಿಯುತ್ತದೆಯೇ, ಮಿನುಗುತ್ತದೆಯೇ? ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಯಾವುದು? ಮಿನುಗುತ್ತಿದ್ದರೆ ಬೆಟ್ಟದ ಮಾತನ್ನೇ ಬಿಡಿ. ಸಿಲಿಂಡರಿನಲ್ಲಿ ಉರಿಯದೆ ಉಳಿದ ಇಂಧನ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೇ ಕರಗಿಸಬಹುದು, ಆ ಖರ್ಚಿನ ಮುಂದೆ ಪ್ಲಗ್ಗಿನದು ಚಿಲ್ಲರೆ.

ಮಂಡ್ಯದ ಹಳೆಗಾಡಿ:
ಏರಿನಲ್ಲಿ ಮಾತ್ರ ಮಿನುಗುತ್ತದೆ. ಕೋಡ್ ಪಿ0302, ಎಂದರೆ ಎರಡನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್. ಪೆಟ್ರೋಲಿಗೆ ಹಾಕಿಕೊಂಡರೆ ತೊಂದರೆ ಕಡಿಮೆ.

ಬನ್ನಿಮಂಟಪದ ಸ್ಪ್ಯಾನರ್:
ಪೆಟ್ರೋಲಿಗೆ ಹಾಕಿಕೊಂಡರೆ ಎಂದರೇನು? ಸಿಎನ್‌ಜಿ ಕಿಟ್ ಇದೆಯೇ?

ಮಂಡ್ಯದ ಹಳೆಗಾಡಿ:
ಇದೆ, ಮೂರು ವರ್ಷವಾಯಿತು. ಅದನ್ನು ಹೇಳಬೇಕೆಂದು ಹೊಳೆಯಲಿಲ್ಲ.

ಬನ್ನಿಮಂಟಪದ ಸ್ಪ್ಯಾನರ್:
ಮೊದಲು ಹೇಳಬೇಕಾದದ್ದೇ ಅದು. ಸಿಎನ್‌ಜಿ ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು, ಏರಿನಲ್ಲಿ ಸಿಲಿಂಡರಿನೊಳಗೆ ಒತ್ತಡ ಹೆಚ್ಚಿದಾಗ ಇನ್ನೂ ಹೆಚ್ಚು ಬೇಕು. ಆದ್ದರಿಂದ ಪ್ಲಗ್ಗಿಗೆ ಆ ವೋಲ್ಟೇಜ್ ಕೊಡುವ ಕಾಯಿಲ್ ಸೋತಿದ್ದರೆ ಪೆಟ್ರೋಲಿನಲ್ಲಿ ಹೇಗೋ ಕುಂಟಿಕೊಂಡು ಸಾಗಿ ಗ್ಯಾಸಿನಲ್ಲಿ ಕೈಕೊಡುತ್ತದೆ. ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ ಹಾಕಿ, ಕೋಡ್ ಅಳಿಸಿ ನೋಡಿ. ಮೂರನೆಯದರ ಕೋಡ್ ಪಿ0303 ಬಂದರೆ ಕಾಯಿಲ್ ಹೋಗಿದೆ. ಪಿ0302 ಉಳಿದರೆ ಪ್ಲಗ್ ಗ್ಯಾಪ್, ಇಂಜೆಕ್ಟರ್, ಕಂಪ್ರೆಶನ್ ನೋಡಬೇಕು.

ಒಂಟಿಕೊಪ್ಪಲು ಸವಾರ:
ಗ್ಯಾಸ್ ಗಾಡಿಯೂ ಸಾಮಾನ್ಯವಾಗಿ ಸ್ಟಾರ್ಟ್ ಆಗುವುದು ಪೆಟ್ರೋಲಿನಲ್ಲೇ. ಟ್ಯಾಂಕ್ ತೊಳೆಸಲು ಅಡ್ಡಿಯೇನು?

ಬನ್ನಿಮಂಟಪದ ಸ್ಪ್ಯಾನರ್:
ನೀರೇ ಕಾರಣವಾಗಿದ್ದರೆ ಪೆಟ್ರೋಲಿನಲ್ಲಿ ಹೆಚ್ಚು ಮಿಸ್ಸಿಂಗ್ ಇರಬೇಕಿತ್ತು. ಅದಿರಲಿ, ನಾಲ್ಕೂ ಸಿಲಿಂಡರು ಕುಡಿಯುವುದು ಒಂದೇ ಟ್ಯಾಂಕಿನಿಂದ ಅಲ್ಲವೇ ಸ್ವಾಮಿ, ಎರಡನೆಯದಕ್ಕೆ ಮಾತ್ರ ಏಕೆ ನೆಗಡಿ?

ಮಂಡ್ಯದ ಹಳೆಗಾಡಿ:
ಅದಲುಬದಲು ಮಾಡಿದೆ, ಬೆಟ್ಟದ ಮೊದಲ ತಿರುವಿಗೇ ಪಿ0303 ಬಂತು. ತೆಗೆದ ಕಾಯಿಲಿನ ರಬ್ಬರ್ ಬೂಟಿನ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಉದ್ದಕ್ಕೂ ಇಳಿದಿದೆ, ಪ್ಲಗ್ಗಿನ ಗುಳಿಯಲ್ಲಿ ಆಯಿಲ್ ನಿಂತಿತ್ತು. ಕಾಯಿಲ್ ಸೋಮವಾರ ಸಿಗುತ್ತದಂತೆ. ಅಲ್ಲಿಯವರೆಗೆ ಮೈಸೂರಿಗೆ ಕೆಲಸಕ್ಕೆ ಪೆಟ್ರೋಲಿನಲ್ಲೇ ನಿಧಾನವಾಗಿ ಓಡಿಸಬಹುದೇ?

ಬನ್ನಿಮಂಟಪದ ಸ್ಪ್ಯಾನರ್:
ಬೇಡ, ರೈಲಿದೆಯಲ್ಲ. ಆ ಗೆರೆಯ ಗುಂಟ ಕಿಡಿ ಹೊರಗೆ ಹಾರುತ್ತಿದೆ. ವಾಲ್ವ್ ಕವರಿನ ಸೀಲನ್ನೂ ಅದೇ ದಿನ ಬದಲಿಸಿ, ಇಲ್ಲವಾದರೆ ಹೊಸ ಕಾಯಿಲಿನ ಬೂಟೂ ಅದೇ ಆಯಿಲಿನಲ್ಲಿ ನೆನೆಯುತ್ತದೆ.